ಹನ್ನೆರಡನೇ ಕಲಮಿನ ದ್ರೌಪದಕ್ಕ

ಚಿಕ್ಕೋಡಿಯಲ್ಲಿ ಬೆಳಗಿನ ಆರು ಗಂಟೆ. ತಹಶೀಲ್ದಾರ ಕಚೇರಿಯ ಗೇಟಿಗೆ ಇನ್ನೂ ಬೀಗ. ಎದುರಿನ ಬೇವಿನ ಮರದ ಬುಡದಲ್ಲಿ ದ್ರೌಪದಿ ಕಾಂಬಳೆ ಆಗಲೇ ಮಡಚುವ ಮೇಜು ಬಿಡಿಸಿ ಕೂತಿದ್ದಾರೆ. ಕರೋಶಿಯಿಂದ ಮೊದಲ ಬಸ್ಸಿಗೇ ಬರುವ ಐವತ್ತೊಂದರ ಈ ಹೆಣ್ಣುಮಗಳಿಗೆ ಕಚೇರಿಯ ಸಮಯದ ಹಂಗಿಲ್ಲ. ಮೈದಾನದಲ್ಲಿ ಓಡಿ ಬೆವರಿದ ಹುಡುಗ ಹುಡುಗಿಯರು ನೇರ ಇಲ್ಲಿಗೇ ಬರುತ್ತಾರೆ. ಸೈನ್ಯವಿರಲಿ, ಪೊಲೀಸಿರಲಿ, ವಿಮಾನ ನಿಲ್ದಾಣದ ಕಾವಲು ಪಡೆಯಿರಲಿ, ಆಯ್ಕೆಯಾದ ಮೇಲೆ ಪೂರ್ವಾಪರ ತಪಾಸಣೆಯ ಅರ್ಜಿ ತುಂಬಲೇಬೇಕಲ್ಲ.

ದಿನಕ್ಕೆ ಆರೇಳು ಅರ್ಜಿ, ಒಂದೊಂದಕ್ಕೂ ಮೂರು ಪ್ರತಿ. ಇಪ್ಪತ್ಮೂರು ವರ್ಷದಿಂದ ಇವನ್ನು ತುಂಬಿಕೊಡುವುದೇ ದ್ರೌಪದಿಯ ಕೆಲಸ. ಕಳೆದ ಐದು ವರ್ಷ ಎಲ್ಲೆಲ್ಲಿ ಇದ್ದಿರಿ ಎಂದು ಅರ್ಜಿ ಕೇಳುತ್ತದೆ. ಇಚಲಕರಂಜಿಯ ಬಾಡಿಗೆ ಕೋಣೆ, ಮಿರಜದ ಸೋದರತ್ತೆಯ ಮನೆ, ಯಾವುದನ್ನೂ ದ್ರೌಪದಿ ಬಿಡಗೊಡುವುದಿಲ್ಲ. ನೆನಪಿಲ್ಲ ಎಂದವರನ್ನು ಮರಾಠಿಯಲ್ಲೂ ಗದರುತ್ತಾರೆ. ಆದರೆ ಅವರ ಪೆನ್ನು ತಡೆದು ನಿಲ್ಲುವುದು ಹನ್ನೆರಡನೇ ಕಲಮಿನ ಮುಂದೆ: ನಿಮ್ಮ ಮೇಲೆ ಎಂದಾದರೂ ಪೊಲೀಸ್ ಕೇಸು ಆಗಿತ್ತೇ?

ಇದೇ ಪ್ರಶ್ನೆ ಅವರ ಬದುಕನ್ನೂ ತಿರುಗಿಸಿತ್ತು. ಇಪ್ಪತ್ತೇಳನೇ ವಯಸ್ಸಿಗೆ ಜೈಲಿನ ಕಾವಲು ಹುದ್ದೆಗೆ ಆಯ್ಕೆಯಾಗಿದ್ದರು. ಅದಕ್ಕೂ ಮುಂಚೆ ಊರ ಬಾವಿಯ ನೀರಿನ ಜಗಳದಲ್ಲಿ ಅವರ ಹೆಸರು ಸೇರಿ, ಕೋರ್ಟು ನಿರ್ದೋಷಿ ಎಂದು ಬಿಟ್ಟಿತ್ತು. ಮುಗಿದ ಕಥೆ, ಇಲ್ಲ ಅಂತ ಬರಿ ಎಂದು ತಿಳಿದವರೊಬ್ಬರು ಹೇಳಿದರು. ಇವರು ಹಾಗೇ ಬರೆದರು. ತಪಾಸಣೆಯಲ್ಲಿ ಅದು ಬಯಲಾಯಿತು.

"ಕೇಸಿನ ಸಲುವಾಗಿ ನೌಕರಿ ಹೋಗಲಿಲ್ರಿ. ಮುಚ್ಚಿಟ್ಟಿದ್ದಕ್ಕ ಹೋತು," ಎನ್ನುತ್ತಾರೆ ಅವರು. ಹಾಗಂತ ಇದ್ದದ್ದು ಬರೆದರೆ ನೌಕರಿ ಗ್ಯಾರಂಟಿ ಎಂದೇನೂ ಅವರು ಆಸೆ ಹುಟ್ಟಿಸುವುದಿಲ್ಲ. "ಬರದ್ರ ಕರದು ಕೇಳ್ತಾರ, ವಿಚಾರ ಮಾಡ್ತಾರ. ಮುಚ್ಚಿಟ್ರ ಕೇಳೂದೂ ಇಲ್ಲ."

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಬಂದವಳು ಕೋಮಲ. ಮಂಗಸೂಳಿಯ ದ್ರಾಕ್ಷಿ, ಕಬ್ಬು ಬೆಳೆಗಾರ ಧರೆಪ್ಪನವರ ಮಗಳು, ಇಲ್ಲೇ ಹಾಸ್ಟೆಲ್ಲಿನಲ್ಲಿದ್ದು ಓಡಿ ಓಡಿ ವಿಮಾನ ನಿಲ್ದಾಣದ ಕಾವಲು ಪಡೆಗೆ ಆಯ್ಕೆಯಾದವಳು. ಕಾಲೇಜಿನಲ್ಲಿದ್ದಾಗ ಕಬ್ಬಿನ ದರಕ್ಕಾಗಿ ನಡೆದ ರಸ್ತೆತಡೆಯ ಕೇಸಿನಲ್ಲಿ ಅವಳ ಹೆಸರಿತ್ತು. ಕೇಸು ಆಮೇಲೆ ವಾಪಸಾಗಿತ್ತು. ಮಗಳನ್ನು ಆ ರಸ್ತೆಗೆ ಕರೆದೊಯ್ದವರು ಸ್ವತಃ ಧರೆಪ್ಪ, ಅದಕ್ಕೇ ಅವರಿಗೆ ದಿಗಿಲು. ಇಲ್ಲ ಎಂದೇ ಬರೆಯಿರಿ ಎಂದು ಪಟ್ಟು ಹಿಡಿದರು. ದ್ರೌಪದಿ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು.

"ಅಣ್ಣಾರ, ಆ ಸುಳ್ಳು ನನ್ನ ಕೈಲೆ ಬರಸಬ್ಯಾಡ್ರಿ. ನಾ ಒಮ್ಮೆ ಬರದು ನೋಡೇನಿ."

ಧರೆಪ್ಪ ಅರ್ಜಿ ಕಸಿದುಕೊಂಡು ನಡೆದರು. ಮರುದಿನ ಬೆಳಗ್ಗೆ ಕೋಮಲ ಒಬ್ಬಳೇ ಬಂದು 'ಹೌದು' ಎಂದು ಬರೆಸಿ, ಕೇಸು ವಾಪಸಾದ ಕೋರ್ಟಿನ ಆದೇಶವನ್ನೂ ಲಗತ್ತಿಸಿದಳು.

ಮುಂದಿನ ಹನ್ನೊಂದು ವಾರ ದ್ರೌಪದಿಗೆ ಊಟ ರುಚಿಸಲಿಲ್ಲ. ಜೊತೆಯವರೆಲ್ಲ ತರಬೇತಿಗೆ ಹೋದರು. ಕೋಮಲಳದು ಮಾತ್ರ 'ಪರಿಶೀಲನೆಯಲ್ಲಿದೆ'. ಹುಡುಗಿಯ ಬಾಳು ತಾನೇ ಕೆಡಿಸಿದೆನೇನೋ ಎಂದು ಒಳಗೊಳಗೇ ಬೆಂದರು. ಒಂದು ಮುಂಜಾನೆ ಧರೆಪ್ಪ ಎದುರು ಬಂದು ನಿಂತಾಗ, ಬೈಸಿಕೊಳ್ಳಲು ತಯಾರಾಗಿಯೇ ತಲೆ ಎತ್ತಿದರಂತೆ. ಧರೆಪ್ಪ ಮೇಜಿನ ಮೇಲೆ ಒಂದು ಬುಟ್ಟಿ ದ್ರಾಕ್ಷಿ ಇಟ್ಟು, ಅದರ ಮೇಲೆ ನೇಮಕಾತಿ ಪತ್ರ ಇಟ್ಟರು.

"ಅಕ್ಕಾರ, ನಮ್ಮ ಕೂಸು ಪಾಸಾತ್ರಿ."

ಎದೆಯ ಭಾರವೆಲ್ಲ ಇಳಿದ ಆ ಖುಷಿಗೆ ದ್ರೌಪದಿ ಅಂದು ಎರಡು ಅರ್ಜಿ ತಪ್ಪು ತುಂಬಿದರು. ನಗುನಗುತ್ತಲೇ ಹರಿದು ಮತ್ತೆ ಬರೆದರು.

ಈಗ ಕೋಮಲ ವಿಮಾನ ನಿಲ್ದಾಣವೊಂದರಲ್ಲಿ ಪ್ರಯಾಣಿಕರ ಚೀಲ ತಪಾಸಣೆ ಮಾಡುತ್ತಾಳೆ. ಚಿಕ್ಕಮ್ಮನಿಗೆ ಈ ಕಡೆ ಅನ್ನುವಂತೆ 'ಮಾವಶಿ, ಒಮ್ಮೆ ಬರ್ರಿ' ಎಂದು ಫೋನಿನಲ್ಲಿ ಕರೆಯುತ್ತಲೇ ಇರುತ್ತಾಳೆ. ಹೋಗುವ ಆಸೆ ಇದೆಯೇ ಎಂದು ಕೇಳಿದರೆ ದ್ರೌಪದಿ ಮುಂದಿನ ಅರ್ಜಿ ಎಳೆದುಕೊಳ್ಳುತ್ತಾರೆ.

"ವಿಮಾನ ಹತ್ತಿ ಎಲ್ಲಿ ಹೋಗೂದಂತ ಗೊತ್ತಿಲ್ರಿ. ಖರೇ, ಆಕಿ ಮುಂದ ಸಾಲಿನ್ಯಾಗ ನಿಂತು ನನ್ನ ಚೀಲ ತಪಾಸ ಮಾಡಿಸ್ಕೋಬೇಕು. ಪೂರ್ತಿ ತಗದು ನೋಡಲಿ. ಮುಚ್ಚಿಟ್ಟದ್ದು ಏನೂ ಸಿಗಂಗಿಲ್ಲ."