ತಲೆಕೆಳಗಾದ ನವಿಲುಗಳು

ನನ್ನ ಸೋದರಮಾವನಷ್ಟು ಜಂಬದ ಮನುಷ್ಯನನ್ನು ನಾನು ಕಂಡಿಲ್ಲ. ನಾವು ತಲೆಮಾರುಗಳಿಂದ ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದವರು. ಅರವತ್ತರ ದಶಕದಲ್ಲಿ ಅವನು ನಮ್ಮೂರು ಮಾರ್ಕಯನ್‌ಕೋಟ್ಟೈನ ತೋಟ ಬಿಟ್ಟು ದಿಂಡಿಗಲ್ ಕಡೆ ಹೋಗಿ ಸೀರೆ ಮಗ್ಗ ಹಾಕಿದ. ಮಗ್ಗದ ಮೇಲೆ ಜಕಾರ್ಡ್ ಯಂತ್ರ ಕೂರಿಸಿದ ಮೇಲಂತೂ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಯಂತ್ರದ ಗುಟ್ಟು ಇಷ್ಟೇ. ತೂತು ಹೊಡೆದ ರಟ್ಟುಗಳನ್ನು ಮಾಲೆಯಂತೆ ಪೋಣಿಸಿ ಅದಕ್ಕೆ ನೇತುಹಾಕುತ್ತಾರೆ. ತೂತಿದ್ದರೆ ಅಲ್ಲಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಕೆಳಗೇ ಇರುತ್ತದೆ. ಮಾಲೆ ಒಂದು ಸುತ್ತು ಬಂದರೆ ಒಂದು ನವಿಲು, ಮತ್ತೆ ಸುತ್ತಿದರೆ ಮತ್ತದೇ ನವಿಲು. ಮಾವನಿಗೆ ಇದೇ ಬ್ರಹ್ಮವಿದ್ಯೆ. “ಎಲ್ಲಾಂ ಅಟ್ಟೈ ಪಾತ್ತುಕ್ಕುಂ” ಎಂದು ತಮಿಳಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಎಲ್ಲವನ್ನೂ ಆ ರಟ್ಟೇ ನೋಡಿಕೊಳ್ಳುತ್ತದಂತೆ. ಹಾಗಾಗಿ ತಾನು ಯೋಚಿಸುವುದನ್ನೇ ಬಿಟ್ಟಿದ್ದ. ಮೊದಲೂ ಹೆಚ್ಚೇನೂ ಯೋಚಿಸುತ್ತಿರಲಿಲ್ಲ ಬಿಡಿ.

ಅಕ್ಕನ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಸೋದರಮಾವ ಕೊಟ್ಟ ಸೀರೆಯುಟ್ಟೇ ಹೆಣ್ಣು ಹಸೆಗೆ ಬರಬೇಕು, ಅವನೇ ಕೈಹಿಡಿದು ಕರೆತರಬೇಕು. ಮದುವೆಯ ಹಿಂದಿನ ದಿನ ಮಾವ ಸೀರೆ ತಂದ. ಕೆಂಪು ಒಡಲು, ತುಂಬ ನಿಂತ ಹಸಿರು ನವಿಲುಗಳು. ಅಕ್ಕ ಬಿಚ್ಚಿ ಮೈಗೆ ಹಿಡಿದು ನೋಡಿದವಳು ಸಪ್ಪಗಾದಳು.

ನಮ್ಮ ಹೆಂಗಸರು ಸೆರಗನ್ನು ಬಲ ಹೆಗಲಿಗೆ ಹಾಕುವವರು. ರಟ್ಟುಗಳಿಗೆ ತೂತು ಹೊಡೆದಿದ್ದು ಸುತ್ತಲಿನ ತಮಿಳರ ಎಡ ಹೆಗಲಿಗೆ ಹೊಂದುವಂತೆ. ಸೆರಗು ಬಲಕ್ಕೆ ಬರಬೇಕಾದರೆ ಸೀರೆಯನ್ನು ಮೇಲುಕೆಳಗು ಮಾಡಿ ಉಡಬೇಕು, ಆಗ ನವಿಲುಗಳೆಲ್ಲ ತಲೆಕೆಳಗು. ಹಿಂದೆ ನಾವು ಉಡುತ್ತಿದ್ದುದು ಚೌಕುಳಿ ಸೀರೆ, ಅದಕ್ಕೆ ಮೇಲೆ ಕೆಳಗೆ ಎಂಬುದಿರಲಿಲ್ಲ. ನೇಯುವ ಮುಂಚೆ ರಟ್ಟುಗಳನ್ನು ಮಗುಚಿ ಪೋಣಿಸಿದ್ದರೆ ಸಾಕಿತ್ತು. ತಾಯಿ, ತಂಗಿ, ಹೆಂಡತಿಯ ಬಲ ಹೆಗಲನ್ನೇ ನೋಡುತ್ತಾ ಬದುಕಿದ ಗಂಡಸಿಗೆ ಅಷ್ಟೂ ಹೊಳೆಯಲಿಲ್ಲ!

“ಮಾವಾ, ನವಿಲೆಲ್ಲ ತಲೆಕೆಳಗಾಯ್ತದಲ್ಲ?” ಅಂದಳು ಅಕ್ಕ.

“ಅಟ್ಟೇಲಿ ತಪ್ಪಿಲ್ಲವ್ವ. ನೀನೇ ಎಡಕ್ಕೆ ಹಾಕ್ಕೋ.”

ಅಜ್ಜಿಗೆ ಮೈಯೆಲ್ಲ ಉರಿಯಿತು. “ಇವಳು ಎಡಕ್ಕೆ ಹಾಕ್ಕಂಡು ಬಂದ್ರೆ ನಾನು ಹಸೆ ಹತ್ರ ಬರಾಕಿಲ್ಲ.”

“ಈ ಸೀರೆ ಉಡದಿದ್ರೆ ನಾನೂ ಬರಾಕಿಲ್ಲ” ಎಂದ ಮಾವ.

ಮಗನೂ ತಾಯಿಯೂ ಹಟ ಹಿಡಿದು ಕೂತರು. ಹಸೆ ಏರಬೇಕಾದವಳನ್ನು ಯಾರೂ ಕೇಳಲಿಲ್ಲ. ಅಕ್ಕ ಸೀರೆ ಮಡಚಿ ಒಳಗೆ ಹೋದಳು.

ಬೆಳಿಗ್ಗೆ ಅದನ್ನೇ ಉಟ್ಟು, ಸೆರಗು ಬಲಕ್ಕೆ ಹಾಕಿ, ಮೈತುಂಬ ತಲೆಕೆಳಗಾದ ನವಿಲುಗಳೊಂದಿಗೆ ಬಂದಳು. ಗಂಡಿನ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಅಕ್ಕ ತಗ್ಗಿಸಿದ ತಲೆ ಎತ್ತಲಿಲ್ಲ. ಪಕ್ಕದಲ್ಲೇ ಕೈಹಿಡಿದು ಬರುತ್ತಿದ್ದ ಮಾವನಿಗೆ ಆ ನಗು ಮೆಚ್ಚುಗೆಯಂತೆ ಕಂಡಿರಬೇಕು, ಮೀಸೆ ತಿರುವಿಕೊಂಡ. ನನಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು.

ಧಾರೆಯಾದ ಮೇಲೆ ಅಕ್ಕ ಅವನ ಕಾಲಿಗೆ ಬಿದ್ದಳು. ಅವನು ಬಗ್ಗಿ, ಆಶೀರ್ವಾದ ಮಾಡುವ ಬದಲು, ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ.

“ನೋಡವ್ವ, ಒಂದು ಎಳೆ ತಪ್ಪಿಲ್ಲ.”

“ನನ್ನ ಒಂದು ತಡವೆ ಕೇಳಿರ್ಬೋದಿತ್ತು, ಮಾವಾ” ಅಂದಳು ಅಕ್ಕ.

ಅವನಿಗೆ ಕೇಳಿಸಲಿಲ್ಲ. ತೂತಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂದು ಗಂಡಿನ ತಂದೆಗೆ ವಿವರಿಸಲು ಆಗಲೇ ಆ ಕಡೆ ತಿರುಗಿದ್ದ.