ಅತ್ತೆ ಸಮೇತ ಹಳೇ ಟಿವಿ

ದರ್ಜಿಯ ಮನೆಯ ಡಬ್ಬಾ ಟಿವಿಗೆ ಒಂದು ಹಠ. ಹೆಣ್ಣು ಕೊಟ್ಟ ಅತ್ತೆ ಅದರ ನೆತ್ತಿಯ ಮೇಲೆ ಕೈಯಿಟ್ಟರೆ ಮಾತ್ರ ಚಿತ್ರ ಬರುತ್ತಿತ್ತು, ಬೇರೆ ಯಾರಿಟ್ಟರೂ ಬರೀ ಗೊರಗೊರ. ಹಾಗಾಗಿ ಅತ್ತೆ ವರ್ಷಗಟ್ಟಲೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಮನೆಮಂದಿಗೆಲ್ಲ ಟಿವಿ ತೋರಿಸಿದರೇ ಹೊರತು ತಾವು ನೆಟ್ಟಗೆ ನೋಡಿದವರಲ್ಲ.

ಹಳೇ ಟಿವಿ ತಂದುಕೊಟ್ಟು, ಅದು ಓಡುತ್ತಿದ್ದರೆ ಹೊಸದರ ಬೆಲೆಯಲ್ಲಿ ಕಾಲುಭಾಗ ಬಿಡುತ್ತೇನೆ ಎಂದಿದ್ದ ಟಿವಿ ಅಂಗಡಿಯವನು. ಅಷ್ಟು ಬಿಡದಿದ್ದರೆ ಹೊಸದು ದರ್ಜಿಯ ಕೈಗೆಟುಕುವಂತಿರಲಿಲ್ಲ. ಟಿವಿಯನ್ನೂ ಅತ್ತೆಯನ್ನೂ ಆಟೋದಲ್ಲಿ ಕೂರಿಸಿಕೊಂಡು ಅಂಗಡಿಗೆ ಹೋದ.

ಅತ್ತೆ ಕೈಯಿಟ್ಟರು, ಚಿತ್ರ ಬಂತು. ಅಂಗಡಿಯವನು ಕೈ ತೆಗೆಸಿದ, ಚಿತ್ರ ಹೋಯಿತು.

"ಅಮ್ಮನ್ನೂ ಇಲ್ಲೇ ಬಿಟ್ಟುಹೋಗೋದಾದ್ರೆ ಕಾಲುಭಾಗ ಬಿಡ್ತೀನಿ," ಎಂದು ನಕ್ಕ.

ದರ್ಜಿ ಒಂದು ಗಳಿಗೆ ಜಾಸ್ತಿಯೇ ಯೋಚಿಸಿದ.

"ಏನು ಅಳಿಯಂದಿರೇ, ನನ್ನ ಅಳತೆ ತಗೋತಿದ್ದೀರಾ?" ಎಂದ ಅತ್ತೆ, ಅಂಗಡಿಯ ದೊಡ್ಡ ಟಿವಿಯೆದುರಿನ ಸೋಫಾದಲ್ಲಿ ಕಾಲು ಮಡಚಿ ಕೂತೇಬಿಟ್ಟರು. "ಆಯ್ತಪ್ಪ, ಇಲ್ಲೇ ಇರ್ತೀನಿ. ಊಟ ಎಷ್ಟೊತ್ತಿಗೆ? ಎಣ್ಣೆ ಕಮ್ಮಿ ಇರ್ಲಿ."

ಬಾಗಿಲು ಹಾಕುವ ಹೊತ್ತಾದರೂ ಏಳಲಿಲ್ಲ. ಕೊನೆಗೆ ಅಂಗಡಿಯವನೇ ಕೈಮುಗಿದ. "ಕಾಲುಭಾಗ ಬಿಟ್ಟೆ ಸ್ವಾಮಿ, ಅಮ್ಮನ್ನ ಕರ್ಕೊಂಡು ಹೋಗಿ."

ಹೊಸ ಟಿವಿಗೆ ಯಾರೂ ಕೈಯಿಡಬೇಕಿಲ್ಲ. ಅತ್ತೆ ಈಗ ಎದುರಿಗೇ ಕೂರುತ್ತಾರೆ. ರಿಮೋಟು ಮಾತ್ರ ಇವತ್ತಿನವರೆಗೂ ಅವರ ಕೈಬಿಟ್ಟು ಕದಲಿಲ್ಲ.