ಪಂಚನಾಮೆಯಲ್ಲಿಲ್ಲದ ಏಟು

ಜಿಎಸ್‌ಟಿ ಜಾರಿಗೆ ಬಂದ ಎರಡನೆಯ ವರ್ಷ ನಾನು ಮುಂಬಯಿಯ ಪೂರ್ವ ಉಪನಗರದಲ್ಲಿ ತೆರಿಗೆ ಇನ್‌ಸ್ಪೆಕ್ಟರ್ ಆಗಿದ್ದೆ. ಮನೆ ಚೆಂಬೂರಿನಲ್ಲಿ, ಹುಟ್ಟಿದ್ದು ಉಡುಪಿಯ ಕ್ರೈಸ್ತ ಮನೆತನದಲ್ಲಿ. ಆ ಹೊತ್ತಿಗೆ ನೌಕರಿಗೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಬೈಗುಳ ಬೇಕಾದಷ್ಟು ಕೇಳಿದ್ದೆ, ರಕ್ತ ನೋಡಿರಲಿಲ್ಲ.

ಆಗ ಭಂಗಾರ್, ಅಂದರೆ ಗುಜರಿ ಧಂದೆಯಲ್ಲಿ ಒಂದು ಮೋಸ ಹೆಚ್ಚಾಗಿತ್ತು. ಮಾಲು ಬಾರದಿದ್ದರೂ ಬಂದಂತೆ ಬಿಲ್ ಮಾಡಿಸುವುದು, ಆ ಬಿಲ್ಲಿನಲ್ಲಿ ತೋರಿಸಿದ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಅಂಥ ಒಂದು ದೂರಿನ ಮೇಲೆ ನಾವು ಚೆಂಬೂರಿನಾಚೆಯ ಒಂದು ಗೋಡೌನಿಗೆ ತಪಾಸಣೆಗೆ ಹೋದೆವು. ನನ್ನ ಮೇಲಧಿಕಾರಿ ಸಾವಂತ್ ಸಾಹೇಬರು, ನಾನು, ಡ್ರೈವರ್, ಜೊತೆಗೆ ಇಬ್ಬರು ಪಂಚರು. ಪಂಚರೆಂದರೆ ನಾವು ಅಲ್ಲಿ ಕಂಡದ್ದಕ್ಕೂ ಮಾಡಿದ್ದಕ್ಕೂ ಸಾಕ್ಷಿಯಾಗುವ ಹೊರಗಿನವರು. ಅವರೆದುರು ಬರೆಯುವ ದಾಖಲೆಯೇ ಪಂಚನಾಮೆ. ಬರೆಯುವ ಕೆಲಸ ನನ್ನದು.

ಸಾವಂತ್ ಸಾಹೇಬರಷ್ಟು ಪ್ರಾಮಾಣಿಕರನ್ನು ನಾನು ಇಲಾಖೆಯಲ್ಲಿ ಬೇರೆ ಕಂಡಿಲ್ಲ. ವ್ಯಾಪಾರಿಗಳ ಅಂಗಡಿಯಲ್ಲಿ ಅರ್ಧ ಕಪ್ ಚಹಾ ಕೂಡ ಕುಡಿದವರಲ್ಲ. ಆದರೆ ತೆರಿಗೆ ಕದ್ದವನು ಅವರ ಕಣ್ಣಿಗೆ ಮನುಷ್ಯನಾಗಿ ಕಾಣುತ್ತಿರಲಿಲ್ಲ.

ಗೋಡೌನಿನ ಮಾಲೀಕರು ಮಲ್ಲಪ್ಪನವರು, ವಿಜಯಪುರದ ಕಡೆಯವರು. ಕಟ್ಟಡದ ಕೂಲಿಯಾಗಿ ಮುಂಬಯಿಗೆ ಬಂದು ಮೇಲೆದ್ದವರು. ನಾನು ಕನ್ನಡದವಳೆಂದು ತಿಳಿದದ್ದೇ, "ಅಕ್ಕಾರ, ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ" ಎಂದರು. ಡ್ರೈವರಿಗೂ ಪಂಚರಿಗೂ ತಾವೇ ನೀರು ಕೊಟ್ಟರು. ಒಂದು ತಾಸಿನಲ್ಲಿ ಸುಳ್ಳು ಬಿಲ್ಲುಗಳ ಕಟ್ಟು ಸಿಕ್ಕಿತು. ಮಲ್ಲಪ್ಪನವರು ವಾದಿಸಲಿಲ್ಲ. "ತಪ್ಪಾಗೇತ್ರಿ. ಕಟ್ತೀನಿ" ಎಂದು ತಲೆ ತಗ್ಗಿಸಿದರು. ಕೆಲಸ ಅಲ್ಲಿಗೇ ಮುಗಿಯಬಹುದಿತ್ತು.

ಕಪಾಟೊಂದು ತೆರೆಯುವುದು ಬಾಕಿಯಿತ್ತು. ಅದಕ್ಕೆ ಅಡ್ಡವಾಗಿ ಕುರ್ಚಿಯಲ್ಲಿ ಮಲ್ಲಪ್ಪನವರ ತಂದೆ ಬಸಪ್ಪಜ್ಜ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕಿವಿ ಮಂದ. ಸಾಹೇಬರು ಎರಡು ಸಲ ಏಳು ಎಂದದ್ದು ಅವರಿಗೆ ಕೇಳಲಿಲ್ಲ.

"ಏ ಬುಡ್ಢೇ, ಉಠ್! ಚೋರ್ ಕಾ ಬಾಪ್!" ಕಳ್ಳನ ಅಪ್ಪನೆಂದು ಬೈಯುತ್ತ ಸಾಹೇಬರು ಅಜ್ಜನ ಕೆನ್ನೆಗೆ ಹೊಡೆದರು.

ತಲೆಗೆ ಸುತ್ತಿದ ರುಮಾಲು ಹಾರಿ ಬಿತ್ತು. ಅಜ್ಜ ಕುರ್ಚಿ ಸಮೇತ ಉರುಳಿದರು. ಹಣೆ ತೂಕದ ಯಂತ್ರದ ಅಂಚಿಗೆ ಬಡಿದು ಒಡೆಯಿತು, ರಕ್ತ ಹುಬ್ಬಿನ ಮೇಲಿಂದ ಬಾಯಿಗೆ ಇಳಿಯಿತು. ನಾನು ತಲೆಯೆತ್ತಿ ನೋಡಿದೆ. ಮತ್ತೆ ತಲೆ ತಗ್ಗಿಸಿ, ಬಿಲ್ಲುಗಳ ವಿವರ ಬರೆಯುವುದನ್ನು ಮುಂದುವರಿಸಿದೆ.

ಮರುಕ್ಷಣ ಮಲ್ಲಪ್ಪನವರ ಕೈಯಲ್ಲಿ ಕಬ್ಬಿಣದ ಸರಳಿತ್ತು. ಮೊದಲ ಹೊಡೆತ ಸಾಹೇಬರ ದವಡೆಗೆ ಬಿತ್ತು. ಒಣಗಿದ ಟೊಂಗೆ ಮುರಿದಂಥ ಸದ್ದು. ಹಲ್ಲುಗಳು ನನ್ನ ಹಾಳೆಯ ಮೇಲೆ ಸಿಡಿದವು. ಹೊರಗಿದ್ದ ಏಳೆಂಟು ಕೆಲಸಗಾರರು ಕೈಗೆ ಸಿಕ್ಕಿದ್ದನ್ನು ಹಿಡಿದು ನುಗ್ಗಿದರು. ಡ್ರೈವರನ ತಲೆಗೆ ಪೈಪಿನಿಂದ ಹೊಡೆದರು. ಅವನು ಗೋಡೆಗೊರಗಿ ಜಾರಿದ. ಪಂಚರು ಓಡಿಹೋದರು. ನೆಲಕ್ಕೆ ಬಿದ್ದ ಸಾಹೇಬರ ಪಕ್ಕೆಗೆ ಒಬ್ಬ ಒದೆಯುತ್ತಲೇ ಇದ್ದ. ಮಲ್ಲಪ್ಪನವರು ಅವರ ತಲೆಗೆ ಗುರಿಯಿಟ್ಟು ಸರಳೆತ್ತಿದರು. ನಾನು ಹೇಗೆ ಎದ್ದೆನೋ, ಸಾಹೇಬರ ಮೇಲೆ ಬಾಗಿ ಎಡಗೈ ಅಡ್ಡ ಹಿಡಿದೆ. ಮುಂಗೈಯ ಎರಡೂ ಎಲುಬು ಮುರಿದವು. ಒಂದು ಚರ್ಮ ಸೀಳಿ ಹೊರಗೆ ಬಂತು.

"ಸಾಯ್ತಾರೆ ಅವ್ರು! ಸಾಕು ಮಾಡಿ ಮಾರಾಯ್ರೆ!" ಎಂದು ಕಿರುಚಿದೆ.

ಸರಳು ಮತ್ತೆ ಮೇಲೆದ್ದಿತ್ತು. ಅಷ್ಟರಲ್ಲಿ ಬಸಪ್ಪಜ್ಜ ತೆವಳಿಕೊಂಡು ಬಂದು ಮಗನ ಕಾಲು ತಬ್ಬಿಕೊಂಡರು. "ಮಲ್ಲ್ಯಾ, ಬಿಡೋ! ಹೆಣಾ ಬೀಳಸ್ತಿ ಏನೋ!" ಸರಳು ಕೈಜಾರಿ ಬಿತ್ತು. ಮಲ್ಲಪ್ಪನವರು ಅಲ್ಲಿಯೇ ಕುಸಿದು ಕೂತರು. ಪೊಲೀಸರು ಬರುವವರೆಗೂ ಏಳಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಕೈಗೆ ಎರಡು ಸ್ಟೀಲ್ ಪ್ಲೇಟ್, ಡ್ರೈವರನ ತಲೆಗೆ ಹೊಲಿಗೆ ಹಾಕಿದರು. ಸಾಹೇಬರ ದವಡೆಯನ್ನು ತಂತಿಯಿಂದ ಬಿಗಿದಿದ್ದರು, ಮಾತಾಡುವ ಹಾಗಿರಲಿಲ್ಲ. ನಾಲ್ಕನೆಯ ದಿನ ಗಾಲಿಕುರ್ಚಿಯಲ್ಲಿ ನನ್ನ ವಾರ್ಡಿಗೆ ಬಂದು ಟೈಪ್ ಮಾಡಿಸಿದ ಹೇಳಿಕೆಯೊಂದನ್ನು ಮುಂದಿಟ್ಟರು. ನಾವು ಒಳಗೆ ಹೋದ ಕೂಡಲೇ ಮಾಲೀಕರೂ ಆಳುಗಳೂ ಮೊದಲೇ ಸಜ್ಜಾಗಿಟ್ಟ ಸರಳುಗಳಿಂದ ಕೊಲ್ಲಲು ಬಂದರು ಎಂದು ಅದರಲ್ಲಿತ್ತು. ಅಜ್ಜನ ಮಾತೇ ಇರಲಿಲ್ಲ. ಸಾಹೇಬರು ಚೀಟಿಯ ಮೇಲೆ ಮರಾಠಿಯಲ್ಲಿ ಬರೆದು ತೋರಿಸಿದರು: ಸಹಿ ಮಾಡು, ನಿನ್ನ ಪಂಚನಾಮೆಯಲ್ಲೂ ಆ ಏಟಿನ ವಿಷಯ ಇಲ್ಲ.

ನಿಜ, ಇರಲಿಲ್ಲ. ಸಹಿ ಮಾಡಿದರೆ ಕೊಲೆಯತ್ನದ ಆರೋಪ ಗಟ್ಟಿಯಾಗಿ ಮಲ್ಲಪ್ಪನವರಿಗೆ ಹತ್ತು ವರ್ಷವಾದರೂ ಆಗುತ್ತಿತ್ತು. ಆಗಲಿ ಎಂದೇ ಅನ್ನಿಸಿತ್ತು. ನೋವಿಗೆ ನಿದ್ದೆಯಿರಲಿಲ್ಲ, ಅವರ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ಆದರೂ ಒಂದು ದಿನ ಕೊಡಿ ಎಂದೆ.

ಅಂದು ಸಂಜೆ ನಮ್ಮ ಸಭೆಯ ಪಾದ್ರಿಯವರು ಪ್ರಾರ್ಥನೆಗೆ ಬಂದರು. ನಡೆದದ್ದನ್ನು ಹೇಳಿ, "ತೆರಿಗೆ ಕದ್ದವರು, ಕೈ ಮುರಿದವರು. ಅವರಿಗೋಸ್ಕರ ನಾನ್ಯಾಕೆ ಅಡ್ಡ ಬರಬೇಕು ಅಯ್ಯನವರೇ?" ಎಂದು ಕೇಳಿದೆ.

ಅವರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. "ತೆರಿಗೆ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿ ಅಂತ ಬೈಬಲಿನಲ್ಲಿ ಬರೆದ ಅಪೊಸ್ತಲ ಅದೇ ಉಸಿರಿನಲ್ಲಿ ಮರ್ಯಾದೆ ಸಲ್ಲಬೇಕಾದವರಿಗೆ ಮರ್ಯಾದೆಯನ್ನೂ ಸಲ್ಲಿಸಿ ಅಂದಿದ್ದಾನಲ್ಲಮ್ಮ. ಮಲ್ಲಪ್ಪ ಒಂದನ್ನು ತಪ್ಪಿಸಿದರು, ನಿಮ್ಮ ಸಾಹೇಬರು ಇನ್ನೊಂದನ್ನು. ಆ ಮುದುಕರು ಯಾವುದನ್ನು ತಪ್ಪಿಸಿದ್ದರು?"

ಮರುದಿನ ಸಾಹೇಬರ ಹೇಳಿಕೆಯನ್ನು ಸಹಿ ಮಾಡದೆ ಹಿಂದಿರುಗಿಸಿದೆ. ಪೊಲೀಸರಿಗೆ ನಾನೇ ಬೇರೆ ಹೇಳಿಕೆ ಕೊಟ್ಟೆ. ಸುಳ್ಳು ಬಿಲ್ಲು, ಸಾಹೇಬರ ಏಟು, ಮಲ್ಲಪ್ಪನವರ ಸರಳು, ನಡೆದ ಕ್ರಮದಲ್ಲೇ ಎಲ್ಲವನ್ನೂ ಹೇಳಿದೆ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಆಫೀಸಿನಲ್ಲಿ ನನ್ನ ಜೊತೆ ಡಬ್ಬಿ ಬಿಚ್ಚಿ ಊಟಕ್ಕೆ ಕೂರುವವರಿಲ್ಲವಾದರು. "ಗದ್ದಾರ್", ದ್ರೋಹಿ ಎಂದು ನನ್ನ ಮೇಜಿನ ಗಾಜಿನ ಕೆಳಗೆ ಯಾರೋ ಬರೆದಿಟ್ಟಿದ್ದರು. ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಒಮ್ಮೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಸಾಹೇಬರ ಹೆಂಡತಿ ಎದುರಾಗಿ, "ನನ್ನ ಗಂಡನನ್ನು ಉಳಿಸಿದ ಕೈಯಿಂದಲೇ ಯಾಕೆ ಹೊಡೆದಿರಿ?" ಎಂದು ಜನರ ನಡುವೆ ಅತ್ತುಬಿಟ್ಟರು. ಅದು ಇಂದಿಗೂ ಚುಚ್ಚುತ್ತದೆ.

ಫೋರ್ಟ್ ಪ್ರದೇಶದ ಕೋರ್ಟಿನಲ್ಲಿ ವಿಚಾರಣೆ ಬಂದಾಗ ಸರಕಾರಿ ವಕೀಲರೇ ನನ್ನನ್ನು ಕೆಣಕಿದರು. "ಏಟು ನಿಜವಾಗಿದ್ದರೆ ಪಂಚನಾಮೆಯಲ್ಲಿ ಯಾಕಿಲ್ಲ?"

"ನಾನು ಬರೆಯಲಿಲ್ಲ, ಅದಕ್ಕೇ ಇಲ್ಲ," ಎಂದೆ. "ನೋಡಿದೆ. ನೋಡಿಯೂ ಬರೆಯಲಿಲ್ಲ."

ಕೊಲೆಯತ್ನದ ಆರೋಪ ಬಿದ್ದುಹೋಯಿತು. ಕರ್ತವ್ಯದಲ್ಲಿದ್ದ ನೌಕರರ ಮೇಲೆ ಹಲ್ಲೆ ಮಾಡಿದ್ದಕ್ಕೆ ಮಲ್ಲಪ್ಪನವರಿಗೆ ಮೂರು ವರ್ಷ ಜೈಲಾಯಿತು. ತೆರಿಗೆಯನ್ನು ಅಷ್ಟರಲ್ಲೇ ದಂಡಸಮೇತ ಕಟ್ಟಿ ಮುಗಿಸಿದ್ದರು. ಸಾಹೇಬರ ಮೇಲೆ ಇಲಾಖಾ ವಿಚಾರಣೆ ನಡೆದು ಬಡ್ತಿ ತಪ್ಪಿತು. ಅವರು ಮತ್ತೆ ನನ್ನೊಡನೆ ಮಾತಾಡಲಿಲ್ಲ.

ತೀರ್ಪಿನ ದಿನ ಬಸಪ್ಪಜ್ಜ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದರು. ಹಣೆಯ ಕಲೆ ಕಾಣುತ್ತಿತ್ತು. ನಾನು ಪಕ್ಕದಲ್ಲಿ ಕೂತು ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ: "ಅಜ್ಜ, ಅವತ್ತು ನಿಮಗೆ ಹೊಡೆದಾಗ ನಾನು ಸುಮ್ಮನಿದ್ದೆ. ನನ್ನದು ತಪ್ಪಾಯ್ತು."

ಅವರು ನನ್ನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಹೊಲಿಗೆಯ ಗುರುತನ್ನು ಸವರಿದರು. ಕ್ಷಮಿಸಿದೆ ಎನ್ನುತ್ತಾರೆಂದು ನಾನು ಕಾದಿದ್ದೆ.

"ಅವತ್ತ ನೀವು ಒಂದ ಮಾತು ಆಡಿದ್ರ ಸಾಕಾಗಿತ್ತು ಯವ್ವಾ," ಎಂದರು. "ನಿಮ್ಮ ಕೈ ಉಳೀತಿತ್ತು. ನನ್ನ ಮಗಾ ಮನ್ಯಾಗ ಇರ್ತಿದ್ದ."

ನಿವೃತ್ತಿಗೆ ಮುನ್ನ ಹೊಸ ಇನ್‌ಸ್ಪೆಕ್ಟರುಗಳಿಗೆ ಪಾಠ ಮಾಡಲು ನನ್ನನ್ನು ಕರೆಯುತ್ತಿದ್ದರು. ಕಾಯಿದೆ ಕಲಿಸುವವರು ಬೇರೆ ಇದ್ದರು. ನಾನು ಹೇಳುತ್ತಿದ್ದುದು ಇಷ್ಟೇ: ತಪ್ಪಿಸಿದ ತೆರಿಗೆಯನ್ನು ಐದು ವರ್ಷ ಬಿಟ್ಟಾದರೂ ಬಡ್ಡಿ ಹಾಕಿ ವಸೂಲು ಮಾಡಬಹುದು. ಮನುಷ್ಯನಿಗೆ ಸಲ್ಲಬೇಕಾದ ಮರ್ಯಾದೆಗೆ ಅಂಥ ಅವಕಾಶವಿಲ್ಲ. ಅದನ್ನು ಆ ಕ್ಷಣದಲ್ಲೇ, ಎದ್ದು ನಿಂತು, ಬಾಯಿಬಿಟ್ಟು ಸಲ್ಲಿಸಬೇಕು.